ಚದರಡಿಗೆ 2 ರೂಪಾಯಿ 80 ಪೈಸೆ: ಸರ್ಕಾರಿ ಜಮೀನನ್ನು ಇಷ್ಟು ಅಗ್ಗಕ್ಕೆ ಕೊಡೋದು ಸರಿನಾ?

ಹಂಪಿ ಎಕ್ಸ್‌ಪ್ರೆಸ್

ಹೋದ ಭಾನುವಾರ ಚಿಕ್ಕಪ್ಪನ ಮಗನ ಜೊತೆ ಹೊಸಪೇಟೆ ಹೊರಗಡೆ ಒಂದು ಲೇಔಟ್ ನೋಡೋಕೆ ಹೋಗಿದ್ದೆ. ಥರ್ಟಿ ಫಾರ್ಟಿ ಸೈಟು. ಏಜೆಂಟು ಹದಿನೆಂಟು ಲಕ್ಷ ಅಂದ. ಚೌಕಾಸಿ ಮಾಡಿ ಮಾಡಿ ಹದಿನೇಳಕ್ಕೆ ಬಂದು ನಿಂತ, ಅದರ ಮೇಲೆ ಒಂದು ರೂಪಾಯಿ ಇಳಿಯಲಿಲ್ಲ. ರಸ್ತೆ ಅಂದರೆ ಬರೀ ಗ್ರಾವೆಲ್ಲು, ಚರಂಡಿ ಇನ್ನೂ ಗುಂಡಿ, ಮೂಲೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲಿ ಯಾರೋ ಮೆಣಸಿನಕಾಯಿ ಒಣಗಿಸಿದ್ದರು.

ವಾಪಸ್ ಬರುವಾಗ ಸುಮ್ನೆ ಮೊಬೈಲಲ್ಲಿ ಒಂದು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಹಾಕ್ತಿದ್ದೀನಿ, ತಪ್ಪಿದ್ದರೆ ಹೇಳಿ.

ಸಂಡೂರು ತಾಲ್ಲೂಕಿನಲ್ಲಿ ಉಕ್ಕಿನ ಕಾರ್ಖಾನೆಯ ಜಿಂದಾಲ್‌ನವರಿಗೆ, ಅಂದರೆ ಈಗಿನ ಜೆಎಸ್‌ಡಬ್ಲ್ಯುಗೆ, 3,667 ಎಕರೆ ಮಾರೋಕೆ 2024ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತಲ್ಲ, ಅದರ ದರ ನೆನಪಿದೆಯಾ? ತೋರಣಗಲ್ಲು, ಕುರೇಕುಪ್ಪದ ಸುಮಾರು 2,000 ಎಕರೆಗೆ, ಎಕರೆಗೆ 1.22 ಲಕ್ಷ. ಮುಸಿನಾಯಕನಹಳ್ಳಿ, ಯರಬನಹಳ್ಳಿ ಕಡೆಯ 1,666 ಎಕರೆ ಚಿಲ್ಲರೆಗೆ, ಎಕರೆಗೆ 1.50 ಲಕ್ಷ. ಒಂದು ಎಕರೆ ಅಂದರೆ 43,560 ಚದರಡಿ. 1.22 ಲಕ್ಷವನ್ನು ಭಾಗಿಸಿದರೆ ಚದರಡಿಗೆ 2 ರೂಪಾಯಿ 80 ಪೈಸೆ. ನನ್ನ ತಮ್ಮ ನೋಡಿದ ಸೈಟಿನಷ್ಟು ಜಾಗ ಆ ದರದಲ್ಲಿ 3,360 ರೂಪಾಯಿಗೆ ಬರುತ್ತೆ. ಇಡೀ 3,667 ಎಕರೆಗೆ ಒಟ್ಟು 49 ಕೋಟಿ ಚಿಲ್ಲರೆ.

ಉದ್ಯೋಗ ಬರುತ್ತೆ, ಊರು ಬೆಳೆಯುತ್ತೆ, ಅದಕ್ಕೆ ರಿಯಾಯಿತಿ, ಒಪ್ಪೋಣ. ಆದರೆ ನಾವು ಗೈಡೆನ್ಸ್ ವ್ಯಾಲ್ಯೂಗಿಂತ (ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ದರ) ಕಡಿಮೆಗೆ ಸೈಟು ತಗೊಂಡರೂ ಸ್ಟಾಂಪ್ ಡ್ಯೂಟಿಯನ್ನು ಗೈಡೆನ್ಸ್ ವ್ಯಾಲ್ಯೂ ಮೇಲೇ ಕಕ್ಕಿಸೋ ಸರ್ಕಾರ, ತನ್ನ ಜಮೀನು ಮಾರುವಾಗ ಮಾತ್ರ ಯಾಕೆ ಇಷ್ಟು ಉದಾರಿ?

ಮಿರ್ಚಿ ಮಂಡಕ್ಕಿ

ನಾನೂ ಒಂದು ಲೆಕ್ಕ ಹಾಕಿದೆ ಅಣ್ಣ. ನಮ್ಮಲ್ಲಿ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ 40 ರೂಪಾಯಿ. ಆ ದುಡ್ಡಿಗೆ 14 ಚದರಡಿ ಬರುತ್ತೆ. ಏಳಡಿ ಉದ್ದ, ಎರಡಡಿ ಅಗಲ. ಮಗ್ಗುಲು ಬದಲಿಸದೆ ಇದ್ದರೆ ಒಬ್ಬ ಆರಾಮಾಗಿ ಮಲಗಬಹುದು.

ಎರಡು ಟಿಪ್ಪರ್ ಮಾಲೀಕ

ಹಂಪಿ ಎಕ್ಸ್‌ಪ್ರೆಸ್ ಅವರೇ, ಲೆಕ್ಕ ಸರಿ ಇದೆ, ಆದರೆ ಅರ್ಧ ಕಥೆ ಹೇಳಿದ್ದೀರಿ. ಅದು ಇವತ್ತು ಕೂತು ನಿಗದಿ ಮಾಡಿದ ದರ ಅಲ್ಲ. 2006-07ರ ಹೊತ್ತಿಗೆ ಆದ ಲೀಸ್ ಕಮ್ ಸೇಲ್ ಒಪ್ಪಂದದ್ದು. ಮೊದಲು ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಕ್ರಯ. ಅಂಗಡಿಯವನು ಇವತ್ತು ಅಡ್ವಾನ್ಸ್ ತಗೊಂಡು, ಹತ್ತು ವರ್ಷ ಬಿಟ್ಟು "ಈಗ ರೇಟು ಜಾಸ್ತಿ ಆಗಿದೆ, ಮತ್ತೆ ಕೊಡು" ಅಂದರೆ ನೀವು ಸುಮ್ನೆ ಇರ್ತೀರಾ?

ಇನ್ನೊಂದು ಮಾತು. ನಾನು ಅದೇ ಭಾಗದವನು. ನಾನು ಸ್ಕೂಲಿಗೆ ಹೋಗುವಾಗ ಅಲ್ಲಿ ಏನಿತ್ತು? ಬಿಸಿಲು, ಕಲ್ಲು, ಜಾಲಿ. ಸಂಜೆ ಆರರ ಮೇಲೆ ತೋರಣಗಲ್ಲು ಸ್ಟೇಷನ್ನಿನಲ್ಲಿ ಇಳಿದರೆ ಊರಿಗೆ ನಡೆದೇ ಹೋಗಬೇಕಿತ್ತು. ಇವತ್ತು ರಾತ್ರಿ ಹನ್ನೆರಡಕ್ಕೂ ಇಡ್ಲಿ ಸಿಗುತ್ತೆ. ಒಡಿಶಾದವರು, ಬಿಹಾರದವರು ಬಂದು ರೂಮು ಮಾಡಿಕೊಂಡು ಇದ್ದಾರೆ. ನನ್ನ ಎರಡು ಟಿಪ್ಪರಿನ ಕಂತು ಅಲ್ಲಿಂದಲೇ ಕಟ್ಟಿದ್ದು. ಫ್ಯಾಕ್ಟರಿ ಬಂದಿದ್ದಕ್ಕೆ ಜಾಗಕ್ಕೆ ಬೆಲೆ ಬಂತು. ಬೆಲೆ ಬಂತು ಅಂತ ಫ್ಯಾಕ್ಟರಿಯವನ ಹತ್ತಿರಾನೇ ಆ ಬೆಲೆ ಕೇಳೋದು ಯಾವ ನ್ಯಾಯ?

ಹಂಪಿ ಎಕ್ಸ್‌ಪ್ರೆಸ್

ಟಿಪ್ಪರ್ ಅಣ್ಣ, ನಿಮ್ಮ ಕೊನೇ ಮಾತಿಗೆ ನನ್ನ ಹತ್ತಿರ ಥಟ್ ಅಂತ ಉತ್ತರ ಇಲ್ಲ, ಒಪ್ಪಿಕೊಳ್ತೀನಿ. ಆದರೆ ಅದು ಅಷ್ಟು ನ್ಯಾಯದ ಒಪ್ಪಂದ ಆಗಿದ್ದರೆ ಎಲ್ಲ ಪಕ್ಷದವರೂ ಯಾಕೆ ಹಾಗೆ ಕುಣಿದರು?

2019ರ ಮೇ ತಿಂಗಳಲ್ಲಿ ಕುಮಾರಸ್ವಾಮಿ ಸಂಪುಟ ಮಾರೋಕೆ ತೀರ್ಮಾನ ಮಾಡಿತು. ಮೈತ್ರಿ ಸರ್ಕಾರದಲ್ಲೇ ಇದ್ದ ಕಾಂಗ್ರೆಸ್‌ನ ಎಚ್.ಕೆ. ಪಾಟೀಲರು ಬೇಡ ಅಂತ ಪತ್ರ ಬರೆದರು. ಜೂನ್‌ನಲ್ಲಿ ಯಡಿಯೂರಪ್ಪನವರು ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತರು. ಜುಲೈ 1ಕ್ಕೆ ವಿಜಯನಗರ ಕ್ಷೇತ್ರದ ಕಾಂಗ್ರೆಸ್‌ನ ಆನಂದ್ ಸಿಂಗ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಸರಿ, ಸರ್ಕಾರ ಬದಲಾಯಿತು. 2021ರ ಏಪ್ರಿಲ್‌ನಲ್ಲಿ ಯಾರು ಒಪ್ಪಿಗೆ ಕೊಟ್ಟಿದ್ದು? ಧರಣಿ ಕೂತಿದ್ದ ಯಡಿಯೂರಪ್ಪನವರ ಸಂಪುಟವೇ. ಅವರ ಪಕ್ಷದ ಶಾಸಕರೇ ತಿರುಗಿ ಬಿದ್ದ ಮೇಲೆ ಮೇ ತಿಂಗಳಲ್ಲಿ ತಡೆಹಿಡಿದರು. ಆಮೇಲೆ 2024, ಸಿದ್ದರಾಮಯ್ಯನವರ ಸಂಪುಟ ಮತ್ತೆ ಓಕೆ ಅಂತು. ಆ ಸಂಪುಟದಲ್ಲಿ ಕಾನೂನು ಮಂತ್ರಿ ಯಾರು? ಎಚ್.ಕೆ. ಪಾಟೀಲರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಇಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೇ ಸೀರೆ ಉಟ್ಟುಕೊಂಡಿದ್ದಾರೆ.

ಸರ್ವೆ ಸರಪಳಿ

ನಾನು ಮೂವತ್ತೆರಡು ವರ್ಷ ಸರಪಳಿ ಹಿಡಿದು ಜಮೀನು ಅಳೆದವನು, ಈಗ ನಿವೃತ್ತ. ಆ ಜಿಲ್ಲೆಯಲ್ಲಿ ಕೆಲಸ ಮಾಡಿಲ್ಲ, ಹಾಗಾಗಿ ಆ ಕಡತದ ಒಳಗಿನ ವಿಷಯ ಮಾತಾಡಲ್ಲ. ಆದರೆ ನಿಮ್ಮ ವಯಸ್ಸಿನವರು ಒಂದು ವಿಷಯ ಮರೆಯುತ್ತೀರಿ. ಆ ನೆಲಕ್ಕೆ ಉಕ್ಕಿನ ಕನಸು ಹತ್ತಿದ್ದು ಜಿಂದಾಲ್ ಬಂದಾಗ ಅಲ್ಲ. 1970ರಲ್ಲಿ ಇಂದಿರಾ ಗಾಂಧಿಯವರು ಪಾರ್ಲಿಮೆಂಟಿನಲ್ಲಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆ ಅಂತ ಘೋಷಿಸಿದರು. ಸೇಲಂ, ವಿಶಾಖಪಟ್ಟಣ, ನಮ್ಮ ವಿಜಯನಗರ. 1971ರಲ್ಲಿ ಅವರೇ ತೋರಣಗಲ್ಲಿಗೆ ಬಂದು ಅಡಿಗಲ್ಲು ಹಾಕಿದರು. ಸೇಲಂನಲ್ಲಿ ಕಾರ್ಖಾನೆ ಆಯಿತು, ವಿಶಾಖಪಟ್ಟಣದಲ್ಲೂ ಆಯಿತು. ನಮ್ಮದು ಅಡಿಗಲ್ಲಾಗಿಯೇ ಉಳಿಯಿತು. ಜಮೀನು ಕೊಟ್ಟ ರೈತರು ಸರ್ಕಾರಿ ಕಾರ್ಖಾನೆ ಬರುತ್ತೆ, ಮಕ್ಕಳಿಗೆ ಸರ್ಕಾರಿ ಕೆಲಸ ಸಿಗುತ್ತೆ ಅಂತ ನಂಬಿ ಕೊಟ್ಟರು. ಇಪ್ಪತ್ತು ವರ್ಷ ಹಾಗೇ ಹೋಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಶುರುವಾಯಿತು. ಇವತ್ತು ಅಲ್ಲಿ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಟನ್ನಿಗೂ ಜಾಸ್ತಿ ಉಕ್ಕು ತಯಾರಾಗುವಷ್ಟು ದೊಡ್ಡ ಕಾರ್ಖಾನೆ ಇದೆ. ಅದನ್ನು ಇಲ್ಲ ಅನ್ನೋಕಾಗಲ್ಲ.

ಹಾಗಾಗಿ ಟಿಪ್ಪರ್ ಮಾಲೀಕರ ಮಾತಿನಲ್ಲಿ ಹುರುಳಿದೆ. ಅವರು ಕಟ್ಟಿ ತೋರಿಸಿದ್ದಾರೆ. ಆದರೆ ಸರ್ಕಾರದ ಜಮೀನು ಅಂದರೆ ಎಲ್ಲೋ ಆಕಾಶದಿಂದ ಉದುರಿದ್ದಲ್ಲ. ಒಂದೋ ಯಾರದೋ ಹೊಲ, ಇಲ್ಲ ಊರಿನ ದನ ಮೇಯುತ್ತಿದ್ದ ಗೋಮಾಳ. ಹೊಲ ಆಗಿದ್ದರೆ, ಪಹಣಿಯಲ್ಲಿ ಮಾಲೀಕರ ಹೆಸರು ಬರೆಯೋ 9ನೇ ಕಾಲಂನಲ್ಲಿ "ಸರ್ಕಾರ" ಅಂತ ಬರುವ ಮುಂಚೆ ಅಲ್ಲಿ ಒಂದು ಮನೆತನದ ಹೆಸರು ಇತ್ತು. ಅಗ್ಗಕ್ಕೆ ಮಾರಿದರೆ ಆ ರಿಯಾಯಿತಿ ಸರ್ಕಾರದ ಜೇಬಿನಿಂದ ಹೋಗಲ್ಲ, ಆ ಮನೆತನದ ಜೇಬಿನಿಂದ ಹೋಗುತ್ತೆ.

ಮಾಜಿ ಬ್ಯಾಂಕಿನವ

ದರದ ಬಗ್ಗೆ ಕಿತ್ತಾಡೋದು ಬಿಡಿ, ಅದು ಸುಲಭದ ಜಗಳ. 2006ರ 1.22 ಲಕ್ಷಕ್ಕೆ ವರ್ಷಕ್ಕೆ ಶೇ 8ರಂತೆ ಚಕ್ರಬಡ್ಡಿ ಹಾಕಿದರೆ 2024ಕ್ಕೆ ಹತ್ತಿರತ್ತಿರ 4.9 ಲಕ್ಷ ಆಗುತ್ತೆ. ಆಗಲೇ ದುಡ್ಡು ಕಟ್ಟಿದ್ದಾರೆ ಅಂತಾದರೆ ಈ ಲೆಕ್ಕ ಕಂಪನಿ ಪರವಾಗಿ ಬರುತ್ತೆ. ಆದರೂ ಇವತ್ತಿನ ಮಾರುಕಟ್ಟೆಗೆ ಹೋಲಿಸಿದರೆ ಕಡಿಮೆಯೇ ಅಂತ ವಿರೋಧಿಸೋರು ಹೇಳ್ತಾರೆ. ಇದು ಮುಗಿಯೋ ಕಥೆ ಅಲ್ಲ.

ನನ್ನ ಪ್ರಶ್ನೆ ಬೇರೆ. ಮಾರಬೇಕು ಯಾಕೆ?

ನಾನು ಇಪ್ಪತ್ತೈದು ವರ್ಷ ಕೈಗಾರಿಕಾ ಸಾಲದ ಕಡತ ನೋಡಿದವನು. "ಕ್ರಯಪತ್ರ ಇಲ್ಲದಿದ್ದರೆ ಬ್ಯಾಂಕು ಸಾಲ ಕೊಡಲ್ಲ" ಅಂತ ಒಂದು ವಾದ ಯಾವಾಗಲೂ ಬರುತ್ತೆ. ಅದು ಪೂರ್ತಿ ನಿಜ ಅಲ್ಲ. ಮಹಾರಾಷ್ಟ್ರದ ಕೈಗಾರಿಕಾ ನಿಗಮ ಎಂಐಡಿಸಿ 95 ವರ್ಷದ ಗುತ್ತಿಗೆ ಕೊಡುತ್ತೆ. ಗುಜರಾತಿನ ಅಂಥದ್ದೇ ನಿಗಮ ಜಿಐಡಿಸಿ 99 ವರ್ಷ. ನೋಯ್ಡಾದಲ್ಲಿ 90 ವರ್ಷ. ಈ ಮೂರೂ ಕಡೆ ಉದ್ಯಮ ನಿಂತು ಹೋಗಿದೆಯಾ? ಗುತ್ತಿಗೆ ಹಕ್ಕನ್ನೇ ಅಡ ಇಟ್ಟುಕೊಂಡು ಬ್ಯಾಂಕುಗಳು ಕೋಟಿಗಟ್ಟಲೆ ಸಾಲ ಕೊಟ್ಟಿವೆ. ಸಂಬಂಧಪಟ್ಟ ನಿಗಮದ ಎನ್‌ಒಸಿ ಬೇಕು, ಅಷ್ಟೇ. ಗುತ್ತಿಗೆಯಲ್ಲಿ ಒಂದು ದಾರ ಸರ್ಕಾರದ ಕೈಯಲ್ಲಿ ಉಳಿಯುತ್ತೆ. ಹೇಳಿದ ಕೆಲಸ ಬಿಟ್ಟು ಬೇರೆ ಮಾಡಿದರೆ ಎಳೆಯಬಹುದು. ಶುದ್ಧ ಕ್ರಯಪತ್ರ ಆದ ದಿನ ಆ ದಾರ ಕಡಿದು ಹೋಯಿತು. ಆಮೇಲೆ ಮೂವತ್ತು ವರ್ಷ ಬಿಟ್ಟು ಅಲ್ಲಿ ಕಾರ್ಖಾನೆ ಮುಚ್ಚಿ ವಿಲ್ಲಾ ಕಟ್ಟಿದರೆ ಏನು ಮಾಡ್ತೀರಿ?

ಯಾವ ಕಂಪನಿಯ ಬಗ್ಗೆಯೂ ಹೇಳ್ತಿಲ್ಲ ನಾನು. ಕಾಗದ ಹೇಗಿರುತ್ತೆ ಅಂತ ಹೇಳ್ತಿದ್ದೀನಿ. ಲೀಸ್ ಕಮ್ ಸೇಲ್ ಅನ್ನೋ ಮೂರು ಪದದಲ್ಲಿ ಎಲ್ಲರೂ ಲೀಸ್ ಓದ್ತಾರೆ, ಕೊನೇ ಪದ ಓದೋರು ಕಡಿಮೆ.

ಎರಡು ಟಿಪ್ಪರ್ ಮಾಲೀಕ

ಸರ್, ನಿಮ್ಮ ಮಾತು ಚೆನ್ನಾಗಿದೆ. ಆದರೆ ಸಹಿ ಮಾಡೋ ಮುಂಚೆ ಹೇಳಬೇಕಿತ್ತು. ಒಪ್ಪಂದದಲ್ಲಿ "ಸೇಲ್" ಅಂತ ಬರೆದು, ಸಾವಿರಾರು ಕೋಟಿ ಹಾಕಿಸಿಕೊಂಡು, ಆಮೇಲೆ "ಇಲ್ಲ ಗುತ್ತಿಗೆಯಲ್ಲೇ ಇರಿ" ಅಂದರೆ ನಾಳೆ ಯಾರು ಬರ್ತಾರೆ ಕರ್ನಾಟಕಕ್ಕೆ?

ಮಾಜಿ ಬ್ಯಾಂಕಿನವ

ಅದೂ ಸರಿ. ಕೊಟ್ಟ ಮಾತಿಗೆ ಸರ್ಕಾರ ನಿಲ್ಲಬೇಕು. ಹಾಗಾದರೆ ಮುಂದಿನ ಒಪ್ಪಂದದಲ್ಲಾದರೂ ಆ ಪದ ಬರೆಯಬಾರದು. ಹಳೇದಕ್ಕೆ ಅಳೋದಕ್ಕಿಂತ ಅದು ಮುಖ್ಯ.

ಗಡಿನಾಡು ಹುಡುಗ

ನಾನು ರಾಯದುರ್ಗದ ಕಡೆಯವನು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನೀವು 2 ರೂಪಾಯಿ 80 ಪೈಸೆಗೆ ಇಷ್ಟು ಕೂಗ್ತಿದ್ದೀರಿ. ನಮ್ಮ ಆಂಧ್ರ ಸರ್ಕಾರ 2025ರಲ್ಲಿ ವಿಶಾಖಪಟ್ಟಣದ ಋಷಿಕೊಂಡದಲ್ಲಿ ಟಿಸಿಎಸ್‌ಗೆ 21.16 ಎಕರೆ ಕೊಟ್ಟಿದ್ದು ಎಷ್ಟಕ್ಕೆ ಗೊತ್ತಾ? 99 ಪೈಸೆ. ಚದರಡಿಗಲ್ಲ, ಎಕರೆಗೆ. ಇಡೀ ಜಾಗಕ್ಕೆ 21 ರೂಪಾಯಿ. ಆಮೇಲೆ ಕಾಗ್ನಿಜೆಂಟ್‌ಗೂ ಅದೇ ರೇಟು. ಟಿಸಿಎಸ್‌ನವರು 1,370 ಕೋಟಿ ಹಾಕ್ತೀವಿ, 12,000 ಜನಕ್ಕೆ ಕೆಲಸ ಕೊಡ್ತೀವಿ ಅಂದಿದ್ದಾರೆ.

ನಮ್ಮಲ್ಲೂ ಬೈದವರಿದ್ದಾರೆ. ಆದರೆ ನಾನು ಬೈಯಲ್ಲ. ಸಿಂಪಲ್ ಲೆಕ್ಕ. ಎಕರೆಗೆ 560 ಕೆಲಸಕ್ಕೂ ಜಾಸ್ತಿ ಬರುತ್ತೆ. ಆ ಬೆಟ್ಟದ ಮೇಲೆ ಇಷ್ಟು ವರ್ಷ ಏನಿತ್ತು? ನನ್ನ ಕ್ಲಾಸಿನ ಅರ್ಧ ಜನ ಬೆಂಗಳೂರಲ್ಲಿ ಪಿಜಿಯಲ್ಲಿದ್ದಾರೆ. ಒಬ್ಬೊಬ್ಬರಾದರೂ ವಾಪಸ್ ಬರಲಿ ಬಿಡಿ.

ನಿಮ್ಮಲ್ಲಿ ದೇವನಹಳ್ಳಿಯಲ್ಲಿ 1,777 ಎಕರೆ ಸ್ವಾಧೀನ ಕೈಬಿಟ್ಟಿದ್ದು 2025ರ ಜುಲೈ 15ಕ್ಕೆ. ಆವತ್ತೇ ನಮ್ಮ ಮಂತ್ರಿ ಲೋಕೇಶ್ ಅವರು ಏರೋಸ್ಪೇಸ್ ಕಂಪನಿಗಳಿಗೆ "ಬನ್ನಿ, 8,000 ಎಕರೆ ರೆಡಿ ಇದೆ" ಅಂತ ಎಕ್ಸ್‌ನಲ್ಲಿ ಹಾಕಿದರು. ಇದು ಈಗ ಕಬಡ್ಡಿ ಆಟ. ನೀವು ಉಸಿರು ಬಿಟ್ಟರೆ ನಾವು ಹಿಡೀತೀವಿ.

ಜಾಲಿಮರ

ಗಡಿನಾಡು ತಮ್ಮಾ, ಆ ದೇವನಹಳ್ಳಿಯವರು 1,198 ದಿನ ಧರಣಿ ಕೂತಿದ್ದರು, ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ. ಅವರಿಗೆ ಇದು ಕಬಡ್ಡಿ ಅಲ್ಲ.

ನಮ್ಮದೂ ಒಂದು ಕಥೆ ಇದೆ, ಊರು ಹೇಳಲ್ಲ, ಕಂಪನಿ ಹೆಸರೂ ಹೇಳಲ್ಲ. ಹದಿನೈದು ವರ್ಷದ ಹಿಂದೆ ನಮ್ಮ ಆರೂವರೆ ಎಕರೆ ಕೈಗಾರಿಕೆಗೆ ಅಂತ ಹೋಯಿತು. ಎರೆ ಭೂಮಿ, ಜೋಳ, ಕಡಲೆ ಬೆಳೀತಿದ್ದೆವು. ಅಪ್ಪ ಸಹಿ ಹಾಕಿದ ದಿನ ಸಾಹೇಬರು ಚಾ ತರಿಸಿ ಕೊಟ್ಟು "ಯಜಮಾನರೇ, ಮನೆಗೊಂದು ನೌಕರಿ ಗ್ಯಾರಂಟಿ" ಅಂದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ಐಟಿಐ ಮುಗಿಸಿದ್ದೆ, ಫಿಟ್ಟರ್ ಟ್ರೇಡು. ಖುಷಿಯಾಯಿತು.

ಕಾಂಪೌಂಡ್ ಕಟ್ಟಿದರು. ಗೇಟು ಹಾಕಿದರು. ಗೇಟಿಗೆ ಒಬ್ಬ ವಾಚ್‌ಮನ್. ಅಷ್ಟೇ. ಹದಿನೈದು ವರ್ಷದಿಂದ ಒಳಗಡೆ ಬೆಳೆದಿರೋದು ಬಳ್ಳಾರಿ ಜಾಲಿ ಒಂದೇ. ಎರೆ ನೆಲದಲ್ಲಿ ಜಾಲಿ ಬೇರು ಬಿಟ್ಟರೆ ಏನಾಗುತ್ತೆ ಅಂತ ರೈತರಿಗೆ ಗೊತ್ತು. ನಾಳೆ ವಾಪಸ್ ಕೊಟ್ಟರೂ ಜೆಸಿಬಿ ತಂದು ಬುಡಸಮೇತ ಕೀಳಿಸೋಕೇ ಎಕರೆಗೆ ಎಷ್ಟೋ ಸಾವಿರ ಬೇಕು. ಅಪ್ಪ ಇರೋವರೆಗೂ ದಸರಾ ಬನ್ನಿ ದಿನ ಆ ಕಾಂಪೌಂಡ್ ಗೋಡೆಗೆ ಒಂದು ಕಾಯಿ ಒಡೆದು ಬರ್ತಿದ್ದ. ಒಳಗೆ ನಮ್ಮ ಬನ್ನಿ ಗಿಡ ಇತ್ತು.

ಅದಕ್ಕೇ ನನಗೆ ಎಕರೆಗೆ ಎಷ್ಟು ಅನ್ನೋದರ ಮೇಲೆ ಅಷ್ಟು ಸಿಟ್ಟಿಲ್ಲ. ಪುಕ್ಕಟೆ ಕೊಡ್ರಿ ಬೇಕಾದರೆ. ಮಾಡ್ತೀನಿ ಅಂದಿದ್ದು ಮಾಡದಿದ್ದರೆ ಯಾವತ್ತು ವಾಪಸ್ ತಗೋತೀರಿ, ಆ ತಾರೀಕು ಬರೆದು ಕೊಡ್ರಿ.

ಮಿರ್ಚಿ ಮಂಡಕ್ಕಿ

ಬನ್ನಿ ಗಿಡದ ಮಾತು ಓದಿ ನನ್ನ ಜೋಕು ವಾಪಸ್ ತಗೊಳ್ಳಬೇಕು ಅನ್ನಿಸಿತು ಅಣ್ಣ.

ಪೀಣ್ಯ ಲೇತ್

ನಾನು ಹೇಳೋದು ಸಣ್ಣವರ ಗೋಳು. ಬಾಡಿಗೆ ಶೆಡ್ಡಿನಲ್ಲಿ ಎರಡು ಸಿಎನ್‌ಸಿ, ಒಂದು ವಿಎಂಸಿ ಮಷೀನು, ಒಂಬತ್ತು ಜನ ಹುಡುಗರು. ಜಾಬ್ ವರ್ಕ್ ಮಾಡ್ತೀವಿ, ದೊಡ್ಡ ಕಂಪನಿಗಳಿಗೆ ಸಣ್ಣ ಸಣ್ಣ ಪಾರ್ಟು. ಸ್ವಂತ ಜಾಗ ಬೇಕು ಅಂತ ಅರ್ಧ ಎಕರೆಗೆ ಅರ್ಜಿ ಹಾಕಿ ನಾಲ್ಕು ವರ್ಷ ಆಯಿತು. ಯಾವ ಆಫೀಸು ಅಂತ ಕೇಳಬೇಡಿ. ಹೋದಾಗೆಲ್ಲ ಒಂದು ಹೊಸ ಕಾಗದ ಕೇಳ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಮೂರು ಸಲ ಮಾಡಿಸಿದೆ, ಪ್ರತಿ ಸಲ ಆಡಿಟರಿಗೆ ಫೀಸು. ಮೂರನೇ ಸಲ ಹೋದಾಗ ನನ್ನ ಫೈಲಿನ ಮೇಲೆ ಯಾರೋ ಊಟದ ಡಬ್ಬಿ ಇಟ್ಟಿದ್ದರು, ಸಾರಿನ ಉಂಗುರ ಬಿದ್ದಿತ್ತು. ಸುಳ್ಳಲ್ಲ.

ನಮಗೆ ರಿಯಾಯಿತಿ ಬೇಡವೇ ಬೇಡ ಸ್ವಾಮಿ. ಹೇಳಿದ ರೇಟಿಗೆ, ಹೇಳಿದ ಟೈಮಿಗೆ ಕೊಡಿ. ಸಾವಿರ ಎಕರೆ ಕೇಳೋನಿಗೆ ಏಕಗವಾಕ್ಷಿ, ಅರ್ಧ ಎಕರೆ ಕೇಳೋನಿಗೆ ಆ ಕಿಟಕಿಯಲ್ಲಿ ಬರೀ ಜಾಲರಿ ಕಾಣುತ್ತೆ.

ಇನ್ನೊಂದು. ಎಸ್‌ಸಿ, ಎಸ್‌ಟಿ ಉದ್ದಿಮೆದಾರರಿಗೆ ನಿವೇಶನದ ಬೆಲೆಯಲ್ಲಿ ರಿಯಾಯಿತಿ ಇದೆಯಲ್ಲ, ಅದನ್ನೂ ಈ ಸಾಲಿಗೆ ಸೇರಿಸಿ ಬೈಬೇಡಿ. ನನ್ನ ಪಕ್ಕದ ಶೆಡ್ಡಿನವನಿಗೆ ಅದರಿಂದಲೇ ಜಾಗ ಸಿಕ್ಕಿದ್ದು, ಇವತ್ತು ಅವನು ಹದಿನಾಲ್ಕು ಜನಕ್ಕೆ ಸಂಬಳ ಕೊಡ್ತಾನೆ. ಅಲ್ಲಿ ರಿಯಾಯಿತಿ ಇಲ್ಲದಿದ್ದರೆ ಅವನು ಬರೋಕೇ ಆಗ್ತಿರಲಿಲ್ಲ. ದೊಡ್ಡವರು ರಿಯಾಯಿತಿ ಇಲ್ಲದಿದ್ದರೂ ಬರ್ತಾರಾ ಇಲ್ಲವಾ, ಇದೇ ಪ್ರಶ್ನೆ. ಅದಿರು ಇರೋದು ಸಂಡೂರಿನಲ್ಲಿ. ಉಕ್ಕಿನ ಕಾರ್ಖಾನೆ ಇನ್ನೆಲ್ಲಿ ಹಾಕ್ತಾರೆ, ಮಂಡ್ಯದಲ್ಲಾ?

ಗಡಿನಾಡು ಹುಡುಗ

ಲೇತ್ ಅಣ್ಣ, ಈ ಕೊನೇ ಮಾತು ನನಗೆ ಹೊಳೆದಿರಲಿಲ್ಲ. ಅದಿರನ್ನು ಎತ್ತಿಕೊಂಡು ಹೋಗೋಕಾಗಲ್ಲ. ಐಟಿಯವರು ಲ್ಯಾಪ್‌ಟಾಪ್ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗ್ತಾರೆ. ಹಾಗಾದರೆ ರಿಯಾಯಿತಿ ಬೇಕಾಗೋದು ಋಷಿಕೊಂಡಕ್ಕೆ, ಸಂಡೂರಿಗಲ್ಲ. ಅಲ್ವಾ?

ಎರಡು ಟಿಪ್ಪರ್ ಮಾಲೀಕ

ತಮ್ಮಾ, ಅದಿರು 1971ರಲ್ಲೂ ಇತ್ತು. ಕಾರ್ಖಾನೆ ಬಂತಾ? ಅದಿರಿದ್ದರೆ ಸಾಲದು, ನೀರು, ರೈಲು, ಕರೆಂಟು, ಧೈರ್ಯ ಎಲ್ಲ ಬೇಕು. ಅದಿರನ್ನು ಹಾಗೇ ಲಾರಿಗೆ ತುಂಬಿ ಬಂದರಿಗೆ ಕಳಿಸಿ ದುಡ್ಡು ಮಾಡಿದ ಕಾಲ ಎಲ್ಲರಿಗೂ ನೆನಪಿದೆ, ನಮ್ಮ ಜಿಲ್ಲೆಯವರಿಗಂತೂ ಜಾಸ್ತಿ.

ಷಿಕಾಗೋ ಚಳಿ

ಧಾರವಾಡದವ, ಈಗ ಇಲಿನಾಯ್ಸ್‌ನಲ್ಲಿದ್ದೀನಿ. ನಮ್ಮ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನಲ್ಲಿ ನಡೆದ ಒಂದು ಕಥೆ ಹೇಳ್ತೀನಿ, ಮನೆಯಿಂದ ಒಂದು ಗಂಟೆ ದಾರಿ, ಹೋಗ್ತಾ ಬರ್ತಾ ನೋಡಿದ್ದೀನಿ.

2017ರಲ್ಲಿ ಫಾಕ್ಸ್‌ಕಾನ್‌ನವರು ಮೌಂಟ್ ಪ್ಲೆಸೆಂಟ್ ಅನ್ನೋ ಊರಲ್ಲಿ 1,000 ಕೋಟಿ ಡಾಲರ್ ಹಾಕ್ತೀವಿ, 13,000 ಕೆಲಸ ಕೊಡ್ತೀವಿ ಅಂದರು. ರಾಜ್ಯ ಸರ್ಕಾರ ಸುಮಾರು 300 ಕೋಟಿ ಡಾಲರ್ ರಿಯಾಯಿತಿ ಘೋಷಿಸಿತು. ಟ್ರಂಪ್ ಬಂದು ಗುದ್ದಲಿಪೂಜೆ ಮಾಡಿದರು (ಪೂಜೆ ಇರಲಿಲ್ಲ, ಗುದ್ದಲಿ ಇತ್ತು). ಟಿವಿ ಪರದೆ ಮಾಡೋ ಆ ದೊಡ್ಡ ಕಾರ್ಖಾನೆ ಬರಲೇ ಇಲ್ಲ. 2021ರಲ್ಲಿ ಒಪ್ಪಂದ ತಿದ್ದಿ ಬರೆದರು. 13,000 ಹೋಗಿ 1,454 ಕೆಲಸ ಆಯಿತು, ರಿಯಾಯಿತಿ 8 ಕೋಟಿ ಡಾಲರಿಗೆ ಇಳಿಯಿತು.

ಇದರಲ್ಲಿ ಒಂದು ಪಾಠ ಇದೆ. ರಾಜ್ಯದವರು ಜಾಣರು, ದುಡ್ಡನ್ನು ಕೆಲಸದ ಲೆಕ್ಕಕ್ಕೆ ಕಟ್ಟಿ ಹಾಕಿದ್ದರು. ಕೆಲಸ ಕೊಟ್ಟಷ್ಟು ದುಡ್ಡು. ಹಾಗಾಗಿ ರಾಜ್ಯದ ಬೊಕ್ಕಸ ಪೂರ್ತಿ ಬರಿದಾಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ಊರಿನವರು. ಅವರು ಸಾಲ ಮಾಡಿ ಮೊದಲೇ ಜಮೀನು ಕೊಂಡಿದ್ದರು, ಮನೆ ಕೆಡವಿಸಿದ್ದರು, ರಸ್ತೆ, ನೀರಿನ ಪೈಪು ಹಾಕಿಸಿದ್ದರು. ಜಮೀನು ಒಂದು ಸಲ ಕೈ ಬದಲಾದರೆ ಅದನ್ನು ತಿದ್ದಿ ಬರೆಯೋಕಾಗಲ್ಲ. ಆಮೇಲೆ ಮೈಕ್ರೋಸಾಫ್ಟ್ ಬಂದು ಅಲ್ಲಿ ಜಾಗ ತಗೊಂಡು ಡೇಟಾ ಸೆಂಟರ್ ಕಟ್ಟೋಕೆ ಶುರು ಮಾಡಿತು, ಊರು ಉಸಿರು ಬಿಟ್ಟಿತು. ಅದು ಅದೃಷ್ಟ.

ನಮ್ಮಲ್ಲಿ ಉಲ್ಟಾ. ಜಮೀನನ್ನು ಮೊದಲು ಕೊಟ್ಟು ಆಮೇಲೆ ಕೆಲಸ ಎಣಿಸೋಕೆ ಹೋಗ್ತೀವಿ.

ಹಂಪಿ ಎಕ್ಸ್‌ಪ್ರೆಸ್

ಪಶ್ಚಿಮ ಬಂಗಾಳದ ಸಿಂಗೂರ್ ಕೂಡ ಹಾಗೇ ಅಲ್ವಾ ಸರ್? ನ್ಯಾನೋ ಕಾರಿಗೆ ಅಂತ 997 ಎಕರೆ. 2008ರಲ್ಲಿ ಟಾಟಾದವರು ಗುಜರಾತಿನ ಸಾನಂದಕ್ಕೆ ಹೋದರು. 2016ರಲ್ಲಿ ಸುಪ್ರೀಂ ಕೋರ್ಟು ಜಮೀನನ್ನು ರೈತರಿಗೆ ವಾಪಸ್ ಕೊಡಿ ಅಂತು. ಕೊಟ್ಟರು, ಆದರೆ ಅಷ್ಟೊತ್ತಿಗೆ ಗದ್ದೆ ಮೇಲೆ ಕಾಂಕ್ರೀಟು ಬಿದ್ದಿತ್ತು. ಸಾನಂದದಲ್ಲಾದರೂ ನ್ಯಾನೋ ಉಳಿಯಿತಾ? 2018ಕ್ಕೆ ನಿಂತೇ ಹೋಯಿತು. ಫ್ಯಾಕ್ಟರಿ ಮಾತ್ರ ಇದೆ, ಬೇರೆ ಕಾರು ಮಾಡ್ತಾರೆ, ಅದು ಬೇರೆ ಮಾತು.

ನಾನು ಈ ಚರ್ಚೆ ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು 2 ರೂಪಾಯಿ 80 ಪೈಸೆ ಒಂದೇ. ಈಗ ಅನ್ನಿಸ್ತಿದೆ, ಜಾಲಿಮರ ಅವರು ಕೇಳಿದ ತಾರೀಕು ಇದ್ದಿದ್ದರೆ ನನಗೂ ಆ ಪೈಸೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಟಿಪ್ಪರ್ ಅಣ್ಣನ ಮಾತಿಗೆ ಬರೋದಾದರೆ, ಜಿಂದಾಲ್‌ನವರು ಕಟ್ಟಿ ತೋರಿಸಿದ್ದಾರೆ, ಖಾಲಿ ಕಾಂಪೌಂಡ್ ಹಾಕಿ ಕೂತಿಲ್ಲ. ಅದನ್ನು ಒಪ್ಪಲೇಬೇಕು. ಆದರೂ 49 ಕೋಟಿ ಅಂದಾಗ ಹೊಟ್ಟೆ ಉರಿಯುತ್ತೆ, ಏನು ಮಾಡಲಿ.

ಸರ್ವೆ ಸರಪಳಿ

ತಾರೀಕು ಇರುತ್ತಪ್ಪ. ಇಲ್ಲ ಅಂತ ಯಾರು ಹೇಳಿದ್ದು? ಹಂಚಿಕೆ ಪತ್ರದಲ್ಲಿ, ಗುತ್ತಿಗೆ ಕರಾರಿನಲ್ಲಿ ಇಷ್ಟು ವರ್ಷದೊಳಗೆ ಘಟಕ ಶುರು ಮಾಡಬೇಕು, ಇಲ್ಲದಿದ್ದರೆ ಹಿಂಪಡೆಯಲಾಗುವುದು ಅಂತ ಸಾಮಾನ್ಯವಾಗಿ ಬರೆದಿರ್ತಾರೆ. ತಾರೀಕು ಬರುತ್ತೆ, ಹೋಗುತ್ತೆ. ಕಂಪನಿಯವರು ಅವಧಿ ವಿಸ್ತರಣೆಗೆ ಅರ್ಜಿ ಕೊಡ್ತಾರೆ. ವಿಸ್ತರಣೆ ಸಿಗುತ್ತೆ. ಮತ್ತೆ ಅರ್ಜಿ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತವನು ಯಾವ ಆಫೀಸಿನಲ್ಲೂ ಇಲ್ಲ. ಹಿಂಪಡೆದರೆ ಕೋರ್ಟಿಗೆ ಹೋಗ್ತಾರೆ, ತಡೆಯಾಜ್ಞೆ ಬರುತ್ತೆ, ಅಷ್ಟೊತ್ತಿಗೆ ಆ ಅಧಿಕಾರಿಗೆ ವರ್ಗ. ಯಾವನಿಗೆ ಬೇಕು ಈ ಉಸಾಬರಿ?

ಜಾಲಿಮರ ಅವರೇ, ಒಂದು ಕೆಲಸ ಮಾಡಿ. ನಿಮ್ಮ ಹಳೇ ಸರ್ವೆ ನಂಬರು ಗೊತ್ತಿರುತ್ತಲ್ಲ, ಭೂಮಿ ವೆಬ್‌ಸೈಟಿಗೆ ಹೋಗಿ ಇವತ್ತಿನ ಪಹಣಿ ತೆಗೀರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಇನ್ನೂ ಕೈಗಾರಿಕೆಗೆ ಜಮೀನು ಹಂಚೋ ಸರ್ಕಾರಿ ಮಂಡಳಿಯ ಹೆಸರೇ ಇದ್ದರೆ ಕ್ರಯ ಆಗಿಲ್ಲ ಅಂತ ಅಂದುಕೊಳ್ಳಬಹುದು, ದಾರಿ ಇದೆ. ಕಂಪನಿ ಹೆಸರು ಬಂದಿದ್ದರೆ ಕಷ್ಟ. 11ನೇ ಕಾಲಂ ಕೂಡ ನೋಡಿ, ಬ್ಯಾಂಕಿಗೆ ಅಡ ಇಟ್ಟಿದ್ದರೆ ಅಲ್ಲಿ ಬಂದಿರುತ್ತೆ. ಆಮೇಲೆ ಆರ್‌ಟಿಐನಲ್ಲಿ ಮೂರೇ ಮೂರು ಕಾಗದ ಕೇಳಿ: ಹಂಚಿಕೆ ಪತ್ರ, ಗುತ್ತಿಗೆ ಕರಾರು, ಅವಧಿ ವಿಸ್ತರಣೆ ಆದೇಶಗಳು. ಉದ್ದುದ್ದ ಪ್ರಶ್ನೆ ಬರೀಬೇಡಿ, ಉದ್ದ ಬರೆದರೆ ತಪ್ಪಿಸಿಕೊಳ್ಳೋಕೆ ದಾರಿ ಸಿಗುತ್ತೆ ಅವರಿಗೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು.

ಮಾಜಿ ಬ್ಯಾಂಕಿನವ

11ನೇ ಕಾಲಂ ನೋಡೋಕೆ ಮರೀಬೇಡಿ. ಖಾಲಿ ಜಾಗದ ಮೇಲೆ ಸಾಲ ಎತ್ತಿ ಬೇರೆ ಕಡೆ ಹಾಕಿದ್ದನ್ನು ನನ್ನ ಸರ್ವೀಸಿನಲ್ಲಿ ಎರಡು ಸಲ ನೋಡಿದ್ದೀನಿ. ಆಗ ಸರ್ಕಾರ, ಕಂಪನಿ ಜೊತೆ ಬ್ಯಾಂಕೂ ಕೋರ್ಟಿಗೆ ಬಂದು ಕೂರುತ್ತೆ.

ಪೀಣ್ಯ ಲೇತ್

ಪಹಣಿ ಖಾಲಿ ಇದ್ದರೆ ನನಗೆ ಹೇಳಿ, ಅರ್ಧ ಎಕರೆ ನಾನೇ ತಗೋತೀನಿ. ನಿಮ್ಮನ್ನೇ ಫಿಟ್ಟರ್ ಆಗಿ ಸೇರಿಸಿಕೊಳ್ತೀನಿ, ತಮಾಷೆ ಅಲ್ಲ.

ಜಾಲಿಮರ

ಸರ್ವೆ ಸರ್, ಈಗಷ್ಟೇ ಮೊಬೈಲಲ್ಲಿ ತೆಗೆದೆ. ನಂಬರು ಮರೆತಿರಲಿಲ್ಲ, ಅಪ್ಪ ಅದನ್ನು ಅಟ್ಟದ ಮೇಲಿನ ಕಡಲೆ ವಾಡೆಗೆ ಬಣ್ಣದಲ್ಲಿ ಬರೆದಿಟ್ಟಿದ್ದ.

9ನೇ ಕಾಲಂನಲ್ಲಿ ಇನ್ನೂ ಮಂಡಳಿ ಹೆಸರೇ ಇದೆ. 11ರಲ್ಲಿ ಏನೂ ಇಲ್ಲ. ಬೆಳೆ ಕಾಲಂನಲ್ಲಿ "ಜೋಳ" ಅಂತ ಇದೆ ಸರ್. ಹದಿನೈದು ವರ್ಷದಿಂದ ಗೇಟಿಗೆ ಬೀಗ, ಒಳಗೆ ಜೋಳ ಬೆಳೆದವರು ಯಾರು?

ಸರ್ವೆ ಸರಪಳಿ

ಯಾರೂ ಬೆಳೆದಿಲ್ಲ. ಯಾರೂ ಹೋಗಿ ನೋಡಿಲ್ಲ, ಹಿಂದಿನ ವರ್ಷದ್ದನ್ನೇ ಇಳಿಸಿಕೊಂಡು ಬಂದಿದ್ದಾರೆ. ಅದನ್ನು ಪ್ರಿಂಟ್ ತೆಗೆದು ಇಟ್ಕೊಳ್ಳಿ. ಸೋಮವಾರ ಪೋಸ್ಟ್ ಆಫೀಸಿಗೆ ಹೋಗಿ.